ಗುರುತಿನ ಕಾಲಂ

ನಮ್ಮ ಪ್ರತಿಭಾಗೆ ಒಂದು ಚಟವಿತ್ತು, ಬರೆಯುವ ಚಟ. ಕಥೆ ಕವನ ಅಲ್ಲ. ಕಂಪ್ಯೂಟರಿನ ಕೋಡು ತಿದ್ದಿದಾಗಲೆಲ್ಲ ಏನು ತಿದ್ದಿದೆ, ಯಾಕೆ ತಿದ್ದಿದೆ, ಯಾರು ಬೈದದ್ದಕ್ಕೆ ತಿದ್ದಿದೆ ಎಂದು ಒಂದು ಟಿಪ್ಪಣಿ ಬರೆದು ಅದರ ಜೊತೆಗೇ ಇಡುತ್ತಿದ್ದಳು. ಹೀಗೆ ತಿದ್ದಿದ್ದನ್ನು ಟಿಪ್ಪಣಿ, ತಾರೀಕಿನ ಸಮೇತ ಉಳಿಸಿಡುವುದಕ್ಕೆ ಆ ಕಸುಬಿನವರು ಕಮಿಟ್ ಅನ್ನುತ್ತಾರಂತೆ. ಮಿಕ್ಕವರು ಅರ್ಧ ಸಾಲು ಗೀಚಿ ಕೈ ತೊಳೆದುಕೊಂಡರೆ ಇವಳದು ತವರಿಗೆ ಬರೆದ ಕಾಗದದಷ್ಟು ಉದ್ದ. “ಇವತ್ತು ಹೊಳೆನರಸೀಪುರದ ಕಾಂತರಾಜಣ್ಣ ಫೋನ್ ಮಾಡಿ ಬೈದರು, ಅವರು ಬೈದದ್ದು ಸರಿ” ಎಂದು ಶುರುವಾಗುವ ಒಂದು ಟಿಪ್ಪಣಿಯನ್ನು ನಾನೇ ಕಣ್ಣಾರೆ ಓದಿದ್ದೇನೆ. ಆ ಕಾಂತರಾಜು ನಾನು.

ನಾನು ರಕ್ತ ತೆಗೆಯುವವನು. ಹಾಸನದ ಒಂದು ಖಾಸಗಿ ಲ್ಯಾಬಿನ ಹೊಳೆನರಸೀಪುರದ ಶಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಅರಕಲಗೂಡಿನ ಶಾಖೆಯಲ್ಲಿ ರಂಜಿತಾ, ಚನ್ನರಾಯಪಟ್ಟಣದಲ್ಲಿ ದಿಲೀಪ್. ಬೆಳಿಗ್ಗೆ ನಾವು ತೆಗೆದ ರಕ್ತದ ಟ್ಯೂಬುಗಳು ಐಸ್ ಡಬ್ಬದಲ್ಲಿ ಹಾಸನಕ್ಕೆ ಹೋಗುತ್ತವೆ, ಅಲ್ಲಿ ಮೆಷಿನ್ನು ಓದುತ್ತದೆ, ಆಮೇಲೆ ರಿಪೋರ್ಟು ಜನರ ಫೋನಿಗೆ ಬರುತ್ತದೆ. ಯಾವ ಟ್ಯೂಬು ಯಾರದು, ಯಾರ ರಿಪೋರ್ಟು ಯಾರಿಗೆ ಎಂದು ನೋಡಿಕೊಳ್ಳುವ ಸಾಫ್ಟ್‌ವೇರನ್ನು ಒಬ್ಬಳೇ ಬರೆದು ಒಬ್ಬಳೇ ಸಾಕಿದವಳು ಪ್ರತಿಭಾ. ಹಾಸನದ ಲ್ಯಾಬಿನ ಮಹಡಿಯ ಮೇಲೆ, ಪ್ಲೈವುಡ್ ಅಡ್ಡ ಹಾಕಿದ ಒಂದು ಗೂಡಿನಲ್ಲಿ ಅವಳ ಕುರ್ಚಿ. ದಿನಾ ಕೊರವಂಗಲದಿಂದ ಬಸ್ಸಿನಲ್ಲಿ ಬರುವಳು. ತಾಯಿ ರೇವಮ್ಮ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತ ಒಂದು ಕೈಯಲ್ಲಿ ಟೈಪ್ ಮಾಡುವಳು. ಮೂವತ್ತಾರು ವಯಸ್ಸು. ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಎಂದುಕೊಳ್ಳುವ ಜೀವ.

ನಾನು ಬೈದದ್ದು ಏಳು ವರ್ಷದ ಹಿಂದೆ. ಒಬ್ಬ ಈಶ್ವರಯ್ಯನ ಸಕ್ಕರೆ ರಿಪೋರ್ಟು ಇನ್ನೊಬ್ಬ ಈಶ್ವರಯ್ಯನಿಗೆ ಹೋಗಿ, ಸಕ್ಕರೆ ಇಲ್ಲದವನು ಒಂದು ವಾರ ಅನ್ನ ಬಿಟ್ಟು ಸೊರಗಿದ್ದ. ಬೈಸಿಕೊಂಡವಳು ಮಾರನೆಯ ದಿನವೇ ಬಸ್ಸು ಹತ್ತಿ ಬಂದು ಎರಡು ದಿನ ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಬಂದವರ ಹೆಸರು, ವಯಸ್ಸು, ಫೋನ್ ನಂಬರು ನಾನು ಬರೆದುಕೊಳ್ಳುವುದನ್ನು ನೋಡಿದಳು. ನಮ್ಮ ಕಡೆ ಹೆಸರು ಇಡುವುದು ತಾತನದು, ಇಲ್ಲ ಊರ ದೇವರದು. ಒಂದೇ ಬೀದಿಯಲ್ಲಿ ಮೂವರು ಈಶ್ವರಯ್ಯ ಇದ್ದರೂ ಊರಿನವರಿಗೆ ಗೊಂದಲವಿಲ್ಲ. ವಯಸ್ಸು ಕೇಳಿದರೆ ಅರುವತ್ತೋ ಎಪ್ಪತ್ತೋ ನೀವೇ ಬರಕಳಿ ಅನ್ನುತ್ತಾರೆ. ಫೋನ್ ನಂಬರಂತೂ ನಾಲ್ಕು ಮನೆಗೆ ಒಂದು.

“ಅಂಗಾದ್ರೆ ಇವ್ರನ್ನ ನೀವು ಎಂಗಣ್ಣ ಗುರ್ತು ಇಡಿಯೋದು?” ಎಂದು ಕೇಳಿದಳು.

“ಯಾರ ಮನೆ ಪಕ್ಕ ಅಂತ ಕೇಳ್ತೀನಿ ಕಣಮ್ಮ. ಉಣಸೆಮರದ ಮನೆಯೋರಾ, ಬಾವಿ ತಾವ್ನೋರಾ, ಅಂಗ್ಡಿ ಪಕ್ಕದೋರಾ ಅಂತ.”

ಮುಂದಿನ ವಾರ ನನ್ನ ಕಂಪ್ಯೂಟರಿನಲ್ಲಿ ಒಂದು ಹೊಸ ಕಾಲಂ ಬಂತು. ಅದರ ಹೆಸರು “ಗುರುತು”. ಹೆಸರೂ ಫೋನ್ ನಂಬರೂ ಎರಡೂ ಒಂದೇ ಆಗಿದ್ದರೆ ಸಾಫ್ಟ್‌ವೇರು ಈ ಕಾಲಂ ನೋಡಿ, ಇವರು ಬೇರೆ ಅವರು ಬೇರೆ ಎಂದು ತೀರ್ಮಾನಿಸುತ್ತಿತ್ತು. ಆಮೇಲೆ ಆರು ವರ್ಷ ಒಂದು ತಪ್ಪೂ ಆಗಲಿಲ್ಲ. ಟ್ಯೂಬಿನ ನಂಬರು, ಹೆಸರು, ಮನೆ ಎಂದು ಅದುವರೆಗೆ ಕೈಯಲ್ಲಿ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ನಾನು ಎರಡನೇ ವರ್ಷಕ್ಕೇ ನಿಲ್ಲಿಸಿಬಿಟ್ಟೆ. ಎರಡೆರಡು ಸಲ ಯಾರು ಬರೆಯುತ್ತಾರೆ ಎಂಬ ಸೋಮಾರಿತನ. ಆ ಸೋಮಾರಿತನವನ್ನು ಇವತ್ತಿಗೂ ನಾನು ಕ್ಷಮಿಸಿಕೊಂಡಿಲ್ಲ.

ಕಳೆದ ವರ್ಷ ನಮ್ಮ ಲ್ಯಾಬಿನ ಮಾಲೀಕರಾದ ಚಂದ್ರಶೇಖರಯ್ಯನವರಿಗೆ ಈ ಸಾಫ್ಟ್‌ವೇರನ್ನು ಬೇರೆ ಲ್ಯಾಬುಗಳಿಗೂ ಕೊಡಬೇಕೆಂಬ ಆಸೆ ಹುಟ್ಟಿತು. ಪರಿಶೀಲಿಸಲು ಒಂದು ಕಂಪನಿಯಿಂದ ಸಂಜಯ್ ಎಂಬಾತ ಬಂದ. ಕೆಟ್ಟವನೇನಲ್ಲ. ಕೋಡು ಚೆನ್ನಾಗಿದೆ ಎಂದನಂತೆ. ಆದರೆ ಅವಳ ಟಿಪ್ಪಣಿಗಳನ್ನು ಪರದೆಯ ಮೇಲೆ ಒಂದೊಂದಾಗಿ ಓದುತ್ತ ಹೋದವನಿಗೆ ನಗು ತಡೆಯಲಾಗಲಿಲ್ಲ. ಇದೇನು ಮೇಡಂ ಡೈರಿ ಬರೆದಿದ್ದೀರಾ ಎಂದ. ಒಂದು ಬದಲಾವಣೆಗೆ ಒಂದು ಕಮಿಟ್, ಒಂದು ಕಮಿಟ್‌ಗೆ ಒಂದೇ ಸಾಲು, ನೋಡಿದರೆ ಕನ್ನಡಿಯ ಹಾಗಿರಬೇಕು, ಈಗ ಅದಕ್ಕೆಲ್ಲ ಎಐ ಇದೆ, ಅದೇ ಮಾಡಿಕೊಡುತ್ತದೆ ಎಂದು ಹೇಳಿಕೊಟ್ಟು ಹೋದ. ಮಾಲೀಕರೂ ನಕ್ಕರಂತೆ. ಕೂತಿದ್ದ ಹುಡುಗಿಯರೂ ನಕ್ಕರಂತೆ. ಅವತ್ತು ಸಂಜೆ ನನಗೆ ಫೋನ್ ಮಾಡಿ, ಒಂಬತ್ತು ವರ್ಷ ನಾನು ಎಲ್ಲರ ಮುಂದೆ ಹರಕು ಸೀರೆ ಉಟ್ಟುಕೊಂಡು ಓಡಾಡಿದ್ದೆ ಅಂತ ಯಾರೂ ಹೇಳಲಿಲ್ಲವಲ್ಲ ಅಣ್ಣ ಅಂದಳು. ನಾನು ಸಮಾಧಾನ ಹೇಳುವುದು ಬಿಟ್ಟು, ಎಐಗೆ ರಕ್ತ ತೆಗೆಯೋಕೂ ಬರುತ್ತಾ ಕೇಳು, ನಾನು ಮನೆಗೆ ಹೋಗ್ತೀನಿ ಎಂದು ತಮಾಷೆ ಮಾಡಿದೆ.

ಅವಳು ಎಐ ಹಾಕಿಸಿಕೊಂಡಳು. ನಿಜ ಹೇಳಬೇಕೆಂದರೆ ಅದು ಬಲು ಜಾಣ ಕೆಲಸಗಾರ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿತ್ತು, ಬೇಸರವಿಲ್ಲ, ಎದುರುತ್ತರವಿಲ್ಲ. ಅದರ ಕೈಯಲ್ಲಿ ಪ್ರತಿಭಾ ಮೊದಲು ಮಾಡಿಸಿದ ಕೆಲಸ, ಕೋಡಿನ ಒಳಗೆಲ್ಲ ಹರಡಿದ್ದ ತನ್ನ ಉದ್ದುದ್ದ ಟಿಪ್ಪಣಿಗಳನ್ನು ತೆಗೆಸಿದ್ದು. ಈಶ್ವರಯ್ಯ, ಹುಣಸೆಮರ, ನಾನು ಬೈದದ್ದು, ಎಲ್ಲ ಹೋಯಿತು. ಆಮೇಲೆ ಕೋಡನ್ನು ಒಪ್ಪ ಮಾಡಿಸತೊಡಗಿದಳು. ಒಂದು ಶುಕ್ರವಾರ ಅದು ಕೇಳಿತಂತೆ, ಗುರುತು ಎಂಬ ಈ ಕಾಲಂ ನೂರಕ್ಕೆ ತೊಂಬತ್ತೇಳು ದಾಖಲೆಗಳಲ್ಲಿ ಖಾಲಿ ಇದೆ, ಯಾವ ದಾಖಲೆ ಯಾರದು ಎಂದು ಹೊಂದಿಸುವ ಲೆಕ್ಕದಿಂದ ಇದನ್ನು ಕೈಬಿಟ್ಟರೆ ಕೋಡು ಸರಳವಾಗುತ್ತದೆ, ಬಿಡಲೇ ಎಂದು. ಅದು ಯಾಕಿದೆ ಎಂದು ತಿಳಿಸುವ ಟಿಪ್ಪಣಿ ಮೊದಲೇ ಹೋಗಿತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು. ಗೊತ್ತಿದ್ದವಳು ಇವಳು. ಬಸ್ಸಿನ ಹೊತ್ತಾಗಿತ್ತು. ಒಪ್ಪಿಗೆ ಒತ್ತಿ, ಅವತ್ತೇ ಎಲ್ಲ ಶಾಖೆಗಳಿಗೂ ಚಾಲೂ ಮಾಡಿ ಬಸ್ಸು ಹಿಡಿದಳು.

ಎರಡು ದಿನ ಕಳೆದು ಭಾನುವಾರ, ಹಳ್ಳಿಮೈಸೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯಲ್ಲಿ ನಮ್ಮ ತಪಾಸಣೆ ಶಿಬಿರ. ಏರ್ಪಡಿಸಿದವರು ಆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಕೃಷ್ಣಪ್ಪ. ನೂರಾ ನಲವತ್ತು ಜನ. ಅರ್ಧಕ್ಕರ್ಧ ಜನಕ್ಕೆ ಫೋನಿಲ್ಲ, ಇದ್ದವರಿಗೆ ನಂಬರು ಬಾಯಿಗೆ ಬರುವುದಿಲ್ಲ. ಹಿಂದಿನ ಶಿಬಿರಗಳಲ್ಲಿ ಮಾಡಿದ ಹಾಗೆಯೇ ಎಲ್ಲರ ಹೆಸರಿನ ಮುಂದೂ ಕೃಷ್ಣಪ್ಪನ ನಂಬರೇ ಹಾಕಿದೆ. ಆ ಊರಿನ ದೇವರು ದೊಡ್ಡತಾಯಮ್ಮ. ಅವತ್ತು ನನ್ನ ಮುಂದೆ ತೋಳು ಚಾಚಿದ ದೊಡ್ಡತಾಯಮ್ಮಂದಿರೇ ಐವರು. ಐವರಿಗೂ ತಪ್ಪದೆ ಗುರುತು ಕೇಳಿ ಟೈಪ್ ಮಾಡಿದೆ. ಆ ಕಾಲಂ ಸತ್ತು ಎರಡು ದಿನವಾಗಿದೆ ಎಂದು ನನಗೇನು ಗೊತ್ತು.

ಸೋಮವಾರ ಸಂಜೆ ರಿಪೋರ್ಟುಗಳೆಲ್ಲ ಕೃಷ್ಣಪ್ಪನ ಫೋನಿಗೆ ಬಂದವು. ಒಂದರಲ್ಲಿ ಕೆಂಪು ಅಕ್ಷರ. ದೊಡ್ಡತಾಯಮ್ಮ, ಅಂಗಡಿ ಪಕ್ಕ, ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು. ರಕ್ತದಲ್ಲಿ ಅದು ಐದರ ಆಸುಪಾಸು ದಾಟಬಾರದು. ಕಿಡ್ನಿ ಕೈಕೊಟ್ಟಾಗ ಏರುತ್ತದೆ, ಏಳರ ಹತ್ತಿರ ಹೋದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಕೃಷ್ಣಪ್ಪ ಮಂಗಳವಾರ ಬೆಳಿಗ್ಗೆ ಅಂಗಡಿ ಪಕ್ಕದ ದೊಡ್ಡತಾಯಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ನಾಲ್ಕು ಪಾಯಿಂಟ್ ಎರಡು. ಕಲ್ಲಿನ ಹಾಗಿದ್ದಾಳೆ, ನಿಮ್ಮ ಲ್ಯಾಬು ಸುಳ್ಳು ಎಂದು ಆಸ್ಪತ್ರೆಯವರು ಕಳಿಸಿದರು.

ಅದೇ ಮಂಗಳವಾರ ಮಧ್ಯಾಹ್ನ, ಇದಾವುದೂ ಗೊತ್ತಿಲ್ಲದ ಪ್ರತಿಭಾ ಎಐಗೆ ಇನ್ನೊಂದು ಕೆಲಸ ಹೇಳಿದಳು. ಹಳೆ ಅಭ್ಯಾಸದಂತೆ ಹಿಂದಿನ ವಾರ ಹನ್ನೊಂದು ಚೂರು ಕಮಿಟ್ ಮಾಡಿದ್ದಳು. ಅವನ್ನೆಲ್ಲ ಸೇರಿಸಿ ಒಂದೇ ಶುದ್ಧವಾದ ಕಮಿಟ್ ಮಾಡು ಎಂದಳು. ಅದು ಮಾಡಿಕೊಟ್ಟಿತು. “ರೋಗಿಗಳನ್ನು ಹೊಂದಿಸುವ ಭಾಗ ಸರಳಗೊಳಿಸಿದೆ”, ಒಂದೇ ಸಾಲು. ಹಳೆಯ ಹನ್ನೊಂದೂ ಪಟ್ಟಿಯಿಂದ ಅಳಿಸಿಹೋದವು, ಹೊಸದರ ಮೇಲೆ ಬಿದ್ದ ತಾರೀಕು ಮಂಗಳವಾರದ್ದು. ನೋಡಿ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಪರದೆಯ ಫೋಟೋ ತೆಗೆದು ಸಂಜಯ್‌ಗೆ ಕಳಿಸಿದಳು. ಅವನು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕೃಷ್ಣಪ್ಪ ನನ್ನ ಶಾಖೆಗೆ ನುಗ್ಗಿ, ಆ ಕೆಂಪು ರಿಪೋರ್ಟು ತೋರಿಸಿ, ಜನರ ಎದುರೇ ನನ್ನ ಮಾನ ಹರಾಜು ಹಾಕಿದ. ನಾನು ಹಾಸನಕ್ಕೆ ಫೋನ್ ಮಾಡಿದೆ. ಮೊದಲು ಅನುಮಾನ ಬಂದದ್ದು ನನ್ನ ಮೇಲೆಯೇ. ಟ್ಯೂಬು ದಾರಿಯಲ್ಲಿ ಕುಲುಕಿ ರಕ್ತದ ಕಣ ಒಡೆದರೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಹಳ್ಳಿಮೈಸೂರಿನ ರಸ್ತೆ ಗೊತ್ತಲ್ಲ, ಕುಲುಕಿದ್ದಿರಬಹುದು ಎಂದು ನಾನೂ ಒಪ್ಪಿಕೊಂಡೆ. ಫ್ರಿಜ್ಜಿನಲ್ಲಿದ್ದ ಭಾನುವಾರದ ಟ್ಯೂಬು ಹುಡುಕಿ ತೆಗೆದರು. ರಕ್ತ ಒಡೆದಿರಲಿಲ್ಲ. ಮೆಷಿನ್ನಿಗೆ ಮತ್ತೆ ಕೊಟ್ಟರು. ಮತ್ತೆ ಆರು ಪಾಯಿಂಟ್ ಒಂಬತ್ತು. ಅಷ್ಟು ಹೊತ್ತಿಗೆ ಹತ್ತೂವರೆ.

ಆಸ್ಪತ್ರೆಯವರದೇ ತಪ್ಪು, ಸುಮ್ಮನೆ ಕೂತುಕೊಳ್ಳಿ ಎಂದರು ಚಂದ್ರಶೇಖರಯ್ಯ. ಪ್ರತಿಭಾ ಕೂರಲಿಲ್ಲ. ಈ ರಕ್ತ ಯಾರದೋ ಮೈಯಿಂದ ಬಂದಿದೆ, ಅಂಗಡಿ ಪಕ್ಕದವಳದು ಅಲ್ಲದಿದ್ದರೆ ಇನ್ಯಾರದು ಎಂದು ಅವಳ ತಲೆ ಕೊರೆಯತೊಡಗಿತು. ಹೊಂದಿಸುವ ಭಾಗ ಮುಟ್ಟಿದ್ದು ತಾನೇ ಎಂಬ ನೆನಪಾಗಿ ಕಮಿಟ್‌ಗಳ ಪಟ್ಟಿ ತೆಗೆದಳು. ಪಟ್ಟಿ ಕನ್ನಡಿಯ ಹಾಗಿತ್ತು. ಬದಲಾವಣೆ ಆದದ್ದು ಮಂಗಳವಾರ ಎಂದಿತ್ತು, ಶಿಬಿರ ನಡೆದದ್ದು ಭಾನುವಾರ. ಎಐಯನ್ನೂ ಕೇಳಿದಳು. ಅದು ಪಟ್ಟಿ ನೋಡಿ, ಭಾನುವಾರ ಹಳೆಯ ಕ್ರಮವೇ ಚಾಲ್ತಿಯಲ್ಲಿತ್ತು ಎಂದಿತು. ತಾನೇ ಗುಡಿಸಿದ ಅಂಗಳ ನೋಡಿ ಇಲ್ಲಿ ಯಾರೂ ಓಡಾಡಿಲ್ಲ ಎಂದ ಹಾಗಾಯಿತು. ನನಗೆ ಫೋನ್ ಮಾಡಿ, ಸಾಫ್ಟ್‌ವೇರ್ ಸರಿ ಇದೆ ಅಣ್ಣ, ನೀವೇ ಏನಾದರೂ ಟ್ಯೂಬಿನ ಸ್ಟಿಕ್ಕರ್ ಅದಲು ಬದಲು ಮಾಡಿದಿರಾ ನೆನಪು ಮಾಡಿಕೊಳ್ಳಿ ಎಂದಳು. ಇಪ್ಪತ್ತೆರಡು ವರ್ಷದ ಕೈ ನನ್ನದು. ನಾನೂ ರೇಗಿದೆ. ಇಬ್ಬರೂ ಸೇರಿ ಜಗಳದಲ್ಲಿ, ಸ್ಟಿಕ್ಕರ್ ಪಟ್ಟಿ ತಾಳೆ ನೋಡುವುದರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದೆವು.

ಹನ್ನೆರಡೂಕಾಲಕ್ಕೆ ಅವಳ ಫೋನು ಮತ್ತೆ ಬಂತು. ದನಿ ಗುರುತೇ ಸಿಗಲಿಲ್ಲ. ಅಳಿಸಿದ ಕಮಿಟ್‌ಗಳೂ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಸ್ವಲ್ಪ ದಿನ ಉಳಿದಿರುತ್ತವಂತೆ. ಅಲ್ಲಿ ಕೆದಕಿ ಆ ಹನ್ನೊಂದು ಚೂರುಗಳನ್ನು ಎತ್ತಿದ್ದಳು. ಏಳನೆಯದರ ಮೇಲೆ ಶುಕ್ರವಾರದ ತಾರೀಕಿತ್ತು.

“ಅಣ್ಣ, ಗುರ್ತಿನ ಕಾಲಂ ಶುಕ್ರವಾರನೇ ತೆಗುದ್ಬುಟ್ಟಿದೀನಿ. ಕೃಷ್ಣಪ್ಪೋರ ಫೋನಲ್ಲಿ ದೊಡ್ಡತಾಯಮ್ಮ ಅನ್ನೋ ಹೆಸ್ರಲ್ಲಿ ಎಷ್ಟು ರಿಪೋರ್ಟ್ ಅವೆ ನೋಡಿ.”

ಕೃಷ್ಣಪ್ಪ ಇನ್ನೂ ನನ್ನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದ. ಫೋನು ಸವರುತ್ತ ಹೋದ. ಐದು ರಿಪೋರ್ಟು. ಐದರಲ್ಲೂ ಅಂಗಡಿ ಪಕ್ಕ. ಐವರನ್ನೂ ಒಬ್ಬಳೇ ಎಂದು ಎಣಿಸಿದ ಸಾಫ್ಟ್‌ವೇರು, ಕೊನೆಗೆ ಬಂದವಳ ಗುರುತನ್ನೇ ಎಲ್ಲದಕ್ಕೂ ಅಂಟಿಸಿತ್ತು. ಉಳಿದ ನಾಲ್ವರು ನಮ್ಮದೇನಾಯಿತು ಎಂದು ಸೋಮವಾರವೇ ಕೇಳಿದ್ದರಂತೆ. ಇವನು, ನಿಮ್ಮದೇನೂ ಬಂದಿಲ್ಲ, ಅಂದರೆ ಏನೂ ಇಲ್ಲ ಅಂತ, ಆರಾಮಾಗಿರಿ ಎಂದಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೋಟ್‌ಬುಕ್ ಇಟ್ಟಿದ್ದರೆ ಆ ಕೆಂಪು ರಿಪೋರ್ಟಿನ ಟ್ಯೂಬು ಯಾರದೆಂದು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ.

ಇಬ್ಬರೂ ಬೈಕು ಹತ್ತಿದೆವು. ಆ ಊರಿಗೆ ಹೋಗಿ ಮೂವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಹುಣಸೆಮರದ ದೊಡ್ಡತಾಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು, ಬಾವಿಯ ಹತ್ತಿರದವಳು ರಾಗಿ ಕೇರುತ್ತಿದ್ದಳು, ಮೂರನೆಯವಳು ಏನು ಎತ್ತ ಎಂದು ಕೇಳುವುದಕ್ಕೇ ನಮ್ಮನ್ನು ಹತ್ತು ನಿಮಿಷ ನಿಲ್ಲಿಸಿಕೊಂಡಳು. ಮೂವರನ್ನೂ ಒಂದು ಗಾಡಿಗೆ ಹತ್ತಿಸಿ ಕೃಷ್ಣಪ್ಪನ ಜೊತೆ ಹೊಳೆನರಸೀಪುರದ ಆಸ್ಪತ್ರೆಗೆ ಕಳಿಸಿದೆ. ನಾಲ್ಕನೆಯವಳ ಮನೆಗೆ ಬೀಗ. ಕಾಲು ಊದಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಕೂತುಕೊಳ್ಳುತ್ತಿದ್ದಳು, ಸೋಮವಾರ ಸಂಜೆ ಅರಕಲಗೂಡಿನ ದೊಡ್ಡ ಮಗಳ ಮನೆಗೆ ಹೋದಳು ಎಂದರು ಪಕ್ಕದ ಮನೆಯವರು. ಅಷ್ಟು ಕೇಳಿದ ಮೇಲೆ ನನಗೆ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ.

ಮಗಳು ಅರಕಲಗೂಡು ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುತ್ತಾಳೆ ಎನ್ನುವುದು ಬಿಟ್ಟು ಬೇರೇನೂ ಯಾರಿಗೂ ತಿಳಿಯದು. ರಂಜಿತಾಗೆ ಫೋನ್ ಮಾಡಿದೆ. ಅವಳು ಶಾಖೆಯ ಬಾಗಿಲೆಳೆದು ಓಡಿ, ಹೂವಿನವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ, ಅರ್ಧ ಗಂಟೆಗೆ ಮಗಳನ್ನು ಹಿಡಿದಳು. ಅಮ್ಮ ಇಲ್ಲಿಲ್ಲ, ನಿನ್ನೆ ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ, ತಂಗಿ ಸಿಂಧು ಮನೆಗೆ ಹೋದಳು ಎಂದಳಂತೆ ಮಗಳು. ಸಿಂಧು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವವಳು. ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲಿ ಕೊಟ್ಟು ಹೋಗಬೇಕು. ನಾನು ಹನ್ನೆರಡು ಸಲ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಅಷ್ಟರಲ್ಲಿ ಪ್ರತಿಭಾ ಲ್ಯಾಬಿನ ಕಾರು ತೆಗೆಸಿಕೊಂಡು ಹೊಳೆನರಸೀಪುರಕ್ಕೆ ಬಂದಿದ್ದಳು. ನಾನೂ ಅಲ್ಲಿಗೆ ವಾಪಸು ಬಂದು, ಬೈಕು ಬಿಟ್ಟು ಕಾರು ಹತ್ತಿಕೊಂಡೆ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದಿದ್ದಳು. ದಿಲೀಪ್‌ಗೆ ಫೋನ್ ಮಾಡಿದೆವು. ಮನೆ ಎಲ್ಲಿ ಎಂದು ಕೇಳಿದ. ಸಿಂಧುವಿನ ಅಕ್ಕ ರಂಜಿತಾಗೆ ಹೇಳಿದ್ದನ್ನು ಹೇಳಿದೆ, ಬಾಗೂರು ರಸ್ತೆ, ಮಿಲ್ಲಿನ ಹಿಂದೆ, ನೀಲಿ ಗೇಟು. ಎಂಥ ನೀಲಿ, ಎಷ್ಟನೇ ಮನೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆ ದಾರಿಯುದ್ದಕ್ಕೂ ಪ್ರತಿಭಾ ಆಡಿದ್ದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಆಡಿದಳು. ಮಂಗಳವಾರ ಅಂತ ಇತ್ತಣ್ಣ, ಮಂಗಳವಾರ ಅಂತಾನೇ ಇತ್ತು. ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿಯಲಿಲ್ಲ. ಬೆಳಿಗ್ಗೆ ಅವಳ ಮೇಲೆ ರೇಗಿದ ನಾಲಿಗೆ ಬಾಯಿಯೊಳಗೆ ಕಹಿಯಾಗಿತ್ತು.

ಮೂರು ಗಂಟೆಗೆ ದಿಲೀಪ್ ಫೋನ್ ಮಾಡಿದ. ಮೂರು ನೀಲಿ ಗೇಟು ತಟ್ಟಿ, ನಾಲ್ಕನೆಯದರಲ್ಲಿ ಸಿಕ್ಕಿದ್ದಳು.

“ಅವ್ರೆ ಕಣಣ್ಣ, ಮಾತಾಡ್ತಾವ್ರೆ. ತುಂಬಾ ಸುಸ್ತು ಅಂತಾವ್ರೆ. ಎಳ್ನೀರು ಕುಡೀತಾ ಕೂತವ್ರೆ.”

ಎಳನೀರಿನಲ್ಲಿ ತುಂಬಿರುವುದೇ ಪೊಟ್ಯಾಸಿಯಂ. ನಾನು ಕಾರಿನಲ್ಲೇ ಕೂಗಿಕೊಂಡೆ. ಲೋಟ ಕಿತ್ತುಕೋ, ಆಟೋ ಹಿಡಿ, ಆಸ್ಪತ್ರೆಗೆ ಹಾಕು ಎಂದೆ. ಪ್ರತಿಭಾ, ಇದ್ದಾರಂತೆ ಅಣ್ಣ, ಮಾತಾಡ್ತಿದ್ದಾರಂತೆ ಎಂದು ಅಳತೊಡಗಿದಳು. ಆ ಇಪ್ಪತ್ತು ನಿಮಿಷ ನಮಗೆ ಆಸೆ ಇತ್ತು. ದಾರಿಯಲ್ಲಿ ಸಿಕ್ಕಿದ ಗುಡಿಗೆಲ್ಲ ನಾನು ಕೈ ಮುಗಿದೆ. ಆ ಊರಿನ ದೊಡ್ಡತಾಯಮ್ಮನಿಗೂ ಹರಕೆ ಹೇಳಿಕೊಂಡೆ, ನಿನ್ನ ಹೆಸರಿನವಳು, ನೀನೇ ಕಾಯಿ ಎಂದು.

ನಾವು ಆಸ್ಪತ್ರೆ ಸೇರುವಾಗ ದಿಲೀಪ್ ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಆಟೋದಲ್ಲಿ ಅವನ ಭುಜಕ್ಕೆ ಒರಗಿಕೊಂ‍ಡು, ನಿಮ್ಮೂರು ಯಾವುದು ಮಗ ಎಂದು ಕೇಳಿದ್ದಳಂತೆ. ಅವನು ಉತ್ತರ ಹೇಳುವಷ್ಟರಲ್ಲಿ ಕುತ್ತಿಗೆ ವಾಲಿತು. ಒಳಗೆ ಡಾಕ್ಟರು ಎದೆ ಒತ್ತಿದರು, ಸೂಜಿ ಕೊಟ್ಟರು, ಅರ್ಧ ಗಂಟೆ ಹೆಣಗಿದರು. ಎರಡು ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು ಅದು, ಆದರೆ ಅವತ್ತು ಆ ಎರಡು ಗಂಟೆ ಎಲ್ಲಿ ಹೋಯಿತೆಂದು ನಮ್ಮಿಬ್ಬರಿಗೂ ನಿಮಿಷದ ಲೆಕ್ಕ ಗೊತ್ತಿತ್ತು.

ಗೇಟಿಗೆ ಸುದ್ದಿ ಮುಟ್ಟಿದ ಮೇಲೆ ಸಿಂಧು ಫ್ಯಾಕ್ಟರಿಯ ಏಪ್ರನ್ನಿನಲ್ಲೇ ಓಡಿ ಬಂದಳು. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ತಾಯಿಯ ಕಾಲು ಹಿಡಿದು ಅತ್ತಳು. ಅತ್ತು ಸುಸ್ತಾಗಿ ಬಂದು ನಮ್ಮ ಪಕ್ಕದ ಬೆಂಚಿನಲ್ಲಿ ಕೂತು, ನಾವು ಲ್ಯಾಬಿನವರು ಎಂದು ತಿಳಿದು ಕೈ ಮುಗಿದಳು. ನೀವು ಇಷ್ಟು ದೂರದಿಂದ ಬಂದಿರಲ್ಲ, ಯಾರು ಬರುತ್ತಾರೆ ಈ ಕಾಲದಲ್ಲಿ, ರಿಪೋರ್ಟಿನಲ್ಲೂ ಏನೂ ಇರಲಿಲ್ಲ, ಅವಳ ಆಯಸ್ಸು ಅಷ್ಟೇ ಇತ್ತು ಎಂದಳು. ನಾನು ಪ್ರತಿಭಾ ಕಡೆ ನೋಡಿ, ಈಗ ಬೇಡ ಎಂದು ತಲೆಯಾಡಿಸಿದೆ. ಹೌದು, ಆಡಿಸಿದೆ. ನನಗೂ ಮಕ್ಕಳಿದ್ದಾರೆ, ನನ್ನ ಕೆಲಸದ ಭಯ ನನಗಿತ್ತು. ಪ್ರತಿಭಾ ಎದ್ದು ಹೋಗಿ ಸಿಂಧುವಿನ ಮುಂದೆ ನೆಲದ ಮೇಲೆ ಕೂತಳು.

“ರಿಪೋರ್ಟಲ್ಲಿ ಇತ್ತು ಸಿಂಧು. ಭಾನುವಾರದ ರಕ್ತದಲ್ಲೇ ಇತ್ತು. ನಿಮ್ಮಮ್ಮಂಗೆ ಬರ್ಬೇಕಾದ್ದು ಬೇರೆಯೋರ ಹೆಸರ್ಗೆ ಓಯ್ತು. ಅದು ನಾನ್ ಮಾಡಿದ್ ತಪ್ಪು.”

ಎಲ್ಲವನ್ನೂ ಹೇಳಿದಳು. ಕಾಲಂ ತೆಗೆದದ್ದು, ಬಸ್ಸಿನ ಹೊತ್ತಾಗಿದ್ದದ್ದು, ಬೆಳಿಗ್ಗೆ ದಾರಿ ತಪ್ಪಿದ್ದು. ಪೊಟ್ಯಾಸಿಯಂ ಎಂದರೇನು ಎಂದು ಸಿಂಧು ಕೇಳಿದಾಗ ಅದನ್ನೂ ಬಿಡಿಸಿ ಹೇಳಿದಳು. ಸಿಂಧು ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು.

“ಏನೂ ಇಲ್ಲ ಅಂದ್ರಲ್ಲ ಅಂತ ನಿನ್ನೆ ಬಂದಾಗ್ಲಿಂದ ನಾನೇ ಎಳ್ನೀರು ಕುಡಿಸ್ದೆ. ಬೆಳಿಗ್ಗೆ ಡ್ಯೂಟಿಗೆ ಬರೋವಾಗ ಎಲ್ಡು ಕೊಚ್ಚಿ ಇಟ್ಬಂದೆ. ಬ್ಯಾಡ ಕಣವ್ವ ಅಂದ್ಲು. ಕುಡೀಲೇಬೇಕು ಅಂತ ಬೈದೆ.”

“ನೀವಲ್ಲ. ನಾನು,” ಎಂದಳು ಪ್ರತಿಭಾ. ಆದರೆ ಸಿಂಧುವಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ನಿಜ ಹೇಳಿ ಹೊರೆ ಇಳಿಸಿಕೊಳ್ಳುವುದು ಸುಲಭ ಎನ್ನುವವರು ಅವತ್ತು ಆ ಬೆಂಚಿನ ಹತ್ತಿರ ಇರಬೇಕಿತ್ತು. ಇಳಿಸಿದ ಹೊರೆ ಹೋಗಿ ಇನ್ನೊಬ್ಬಳ ತಲೆಯ ಮೇಲೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ, ಪ್ರತಿಭಾ ಕೂಡ ಕಂಡಳು.

ಮಾರನೆಯ ದಿನ ಅವಳು ಲ್ಯಾಬಿಗೆ ಹೋಗಿ ಗುರುತಿನ ಕಾಲಂ ಮರಳಿ ಜೋಡಿಸಿದಳು. ಕಮಿಟ್ ಟಿಪ್ಪಣಿ ಮೂವತ್ತೊಂದು ಸಾಲು. ದೊಡ್ಡತಾಯಮ್ಮನ ಹೆಸರು, ಊರು, ತಾರೀಕು, ಗಂಟೆ, ತನ್ನ ತಪ್ಪು, ಎಲ್ಲ ಕನ್ನಡದಲ್ಲಿ. ಇದನ್ನು ಒಂದು ಸಾಲಿಗೆ ಇಳಿಸಲೇ ಎಂದು ಎಐ ಕೇಳಿತಂತೆ. ಬೇಡ, ಯಾವತ್ತೂ ಬೇಡ ಎಂದು ಬರೆದಳಂತೆ. ಈ ವಿಷಯ ನಮ್ಮೊಳಗೇ ಇರಲಿ ಎಂದು ಚಂದ್ರಶೇಖರಯ್ಯನವರು ಮೊದಲು ಪ್ರೀತಿಯಿಂದ ಹೇಳಿದರು, ಆಮೇಲೆ ಜೋರು ಮಾಡಿದರು. ಅವಳು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಆರೋಗ್ಯ ಇಲಾಖೆಗೆ ಕೊಟ್ಟು, ತಿಂಗಳು ಮುಗಿಯುವ ಮೊದಲೇ ಕೆಲಸ ಬಿಟ್ಟಳು. ವಿಚಾರಣೆ ಇನ್ನೂ ನಡೆಯುತ್ತಿದೆ. ನಾನೂ ಹೇಳಿಕೆ ಕೊಟ್ಟಿದ್ದೇನೆ, ನೋಟ್‌ಬುಕ್ಕಿನ ವಿಷಯವನ್ನೂ ಬಿಡದೆ.

ಈಗ ಕೊರವಂಗಲದಲ್ಲೇ ಇದ್ದಾಳೆ. ಕಂಪ್ಯೂಟರು ಮುಟ್ಟುವುದಿಲ್ಲ. ಊಟ ಮಾಡು ಎಂದರೆ ಮಾಡುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ರೇವಮ್ಮ ಫೋನಿನಲ್ಲಿ ಕಣ್ಣೀರು ಹಾಕಿದರು. ಪ್ರತಿ ಶನಿವಾರ ಸಂಜೆ ಮಾತ್ರ ತಪ್ಪದೆ ನನಗೆ ಫೋನ್ ಮಾಡುತ್ತಾಳೆ. ಈ ವಾರ ಒಂದೇ ಹೆಸರಿನವರು ಎಷ್ಟು ಜನ ಬಂದಿದ್ದರು, ಎಲ್ಲರ ರಿಪೋರ್ಟೂ ಅವರವರಿಗೇ ಹೋಯಿತಾ ಅಣ್ಣ ಎಂದು ಕೇಳುತ್ತಾಳೆ. ನಾನು ಹೊಸ ನೋಟ್‌ಬುಕ್ ತೆಗೆದು ಒಬ್ಬೊಬ್ಬರ ಹೆಸರು, ಮನೆ ಓದಿ ಹೇಳುತ್ತೇನೆ. ಕೊನೆಯವರೆಗೂ ಕೇಳಿಸಿಕೊಂಡು, ಸರಿ ಎಂದು ಇಡುತ್ತಾಳೆ.

ಹೋದ ತಿಂಗಳು ಒಂದು ಬೆಳಿಗ್ಗೆ ತಲೆ ಎತ್ತಿದರೆ ಎದುರಿಗೆ ಸಿಂಧು. ತಾಯಿಗೆ ಕಿಡ್ನಿ ತೊಂದರೆ ಇದ್ದರೆ ಮಕ್ಕಳೂ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಊರಿಗೆ ಬಂದವಳು, ಇಲ್ಲಿಗೇ ಬಂದಿದ್ದಳು. ಇಲ್ಲಿಗೆ ಯಾಕೆ ಬಂದೆ ತಾಯಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೆಸರು ಬರೆದೆ, ವಯಸ್ಸು ಬರೆದೆ, ಫೋನ್ ನಂಬರು ಬರೆದೆ. ಅಭ್ಯಾಸಬಲದಿಂದ, ಗುರುತು ಏನಮ್ಮ ಎಂದು ಬಾಯಿ ಕೇಳಿಬಿಟ್ಟಿತು.

“ದೊಡ್ಡತಾಯಮ್ಮನ ಮಗ್ಳು ಅಂತ ಬರ್ಕಳಿ,” ಎಂದಳು.

ಆ ಊರಿನಲ್ಲಿ ಇನ್ನೂ ನಾಲ್ವರು ದೊಡ್ಡತಾಯಮ್ಮಂದಿರಿದ್ದಾರೆ. ಅಷ್ಟಕ್ಕೇ ಬಿಡಲು ನನಗೆ ಹಕ್ಕಿರಲಿಲ್ಲ. ಕೀಲಿಮಣೆ ನೋಡುತ್ತಲೇ, ಯಾವ ದೊಡ್ಡತಾಯಮ್ಮ ಎಂದು ಕೇಳಿದೆ.

“ನೀವು ಉಡಿಕ್ಕೊಂಡ್ ಬಂದ್ರಲ್ಲ ಸಾ, ಆ ದೊಡ್ಡತಾಯಮ್ಮ.”

ಅವಳು ಹೇಳಿದಷ್ಟನ್ನೂ ಕಾಲಂನಲ್ಲಿ ಟೈಪ್ ಮಾಡಿದೆ. ನೋಟ್‌ಬುಕ್ಕಿನಲ್ಲೂ ಬರೆದುಕೊಂಡೆ. ಆಮೇಲೆ ರಕ್ತ ತೆಗೆಯಲು ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ.